ಪೃಷ್ಠಕ್ಕೊಂದು ಟಾನಿಕ್

ಗೆಳೆಯರೇ, ಇವತ್ತು ಕುಣಿಗಲ್ಲಿನ ಕ್ಲಿನಿಕ್ಕೊಂದರಲ್ಲಿ ನಮ್ಮಪ್ಪ ಒಂದು ಪದದಿಂದ ಪೇಚಿಗೆ ಸಿಕ್ಕಿಕೊಂಡರು. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಕುಳಿತುಕೊಳ್ಳುವ ಜಾಗದಲ್ಲೇ ಕುರು ಎದ್ದು, ವಾರದಿಂದ ಕೂರಲಾಗದೆ ಒದ್ದಾಡುತ್ತಿದ್ದರು. ನಾನೂ ಅಮ್ಮನೂ ಜೊತೆಗೆ ಹೋಗಿದ್ದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಏನ್ ತೊಂದ್ರೆ ಸಾರ್?" ಎಂದು ಕೇಳಿದರು. ಅಪ್ಪ ಗೋಡೆ ನೋಡುತ್ತಾ ಮೆಲ್ಲಗೆ, "ಪೃಷ್ಠದ ಸಮಸ್ಯೆ ಕಣಮ್ಮ" ಎಂದರು.

"ಪುಷ್ಟಿನಾ? ವಯಸ್ಸಾದ್ಮೇಲೆ ಇದ್ದಿದ್ದೇ ಸಾರ್. ಟಾನಿಕ್ ಬರ್ಕೊಡ್ತೀನಿ, ಊಟ ಆದ್ಮೇಲೆ ಕುಡೀರಿ."

"ಅಲ್ಲಮ್ಮ, ನಿತಂಬ" ಎಂದು ಅಪ್ಪ ಇನ್ನೂ ಮೆಲ್ಲಗೆ ಹೇಳಿದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅಮ್ಮನಿಗೆ ಸಾಕಾಯಿತು. "ಪಿರ್ರೆ ಮೇಲೆ ಕುರು ಎದ್ದೈತೆ ಕಣವ್ವ. ಇವ್ರು ಹೇಳಿ ಮುಗ್ಸೋದ್ರೊಳಗೆ ಅದೇ ಒಡ್ಕೊಂಡ್ ಹೋಯ್ತದೆ."

ಡಾಕ್ಟರು ನಗು ತಡೆದುಕೊಂಡು ಪರದೆ ಎಳೆದರು.

ವಾಪಸು ಬರುವಾಗ ಹುಲಿಯೂರುದುರ್ಗದ ಬಸ್ಸು ಖಾಲಿಯಿತ್ತು. ಅಪ್ಪ ಮಾತ್ರ ಕಂಬಿ ಹಿಡಿದು ನಿಂತಿದ್ದರು. ಕಂಡಕ್ಟರು, "ಸೀಟೈತಲ್ಲ, ಯಾಕ್ ಸಾರ್ ನಿಂತಿದೀರಾ?" ಎಂದ. ಅಪ್ಪ ಪದ ಹುಡುಕತೊಡಗಿದರು. ಅಷ್ಟರಲ್ಲಿ ಅಮ್ಮ, "ಮೇಷ್ಟ್ರಾಗಿದ್ದೋರು ಕಣಪ್ಪ, ನಿಂತೇ ಅಭ್ಯಾಸ" ಎಂದಳು.

ದಿನವೂ ಅಮ್ಮನ ಕನ್ನಡ ತಿದ್ದುವ ಅಪ್ಪ, ಇವತ್ತು ಮನೆ ಸೇರುವವರೆಗೂ ಅವಳ ಒಂದು ಪದವನ್ನೂ ತಿದ್ದಲಿಲ್ಲ.