ಹಾಸಿಗೆಯಲ್ಲಿ ಬಿಡಿಸಿದ ಸೊಪ್ಪು

ಅಥವಾ ಆ ಕಿಟಕಿ ಒಲೆಯ ಹಿಂದೆ ಇರಲೇ ಇಲ್ಲವೇನೋ. ಅತ್ತೆ ಒಲೆಯ ಮುಂದೆ ನಿಂತು ಒಂದೇ ಒಂದು ಎಲೆಯನ್ನು ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಎಲೆಯನ್ನು ಪಾತ್ರೆಗೆ ಹಾಕುತ್ತಾರೆ. ಎಲೆಯ ನರಗಳು ಕೂಡ ನನಗೆ ಕಾಣುತ್ತಿವೆ. ಆದರೆ ಕೋಲಾರದ ನಮ್ಮ ಬಾಡಿಗೆ ಮನೆಯಲ್ಲಿ ಒಲೆಯ ಹಿಂದೆ ಇರುವುದು ಬರೀ ಗೋಡೆ. ಕಿಟಕಿ ಇರುವುದು ಸಿಂಕಿನ ಮೇಲೆ. ತೀರಾ ಸ್ಪಷ್ಟವಾಗಿರುವ ನೆನಪನ್ನು ನಾನು ಮೊದಲಿಂದಲೂ ನಂಬುವವಳಲ್ಲ. ಇದನ್ನಂತೂ ನಂಬದಿರಲು ಕಾರಣವೇ ಇದೆ. ಆ ದಿನ ನನ್ನ ಹೊಟ್ಟೆಯಲ್ಲಿ ಉಮ್ಮತ್ತಿ, ಅಂದರೆ ದತ್ತೂರಿ, ಇತ್ತು.

ಬೇರೆಯವರೂ ಒಪ್ಪುವ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಮಳೆ ಹನಿದ ಮೇಲೆ ಹೆಂಗಸರು ಬೆರಕೆ ಸೊಪ್ಪಿಗೆ ಹೋಗುತ್ತಾರೆ. ಯಾರೂ ಬಿತ್ತದ, ಯಾರೂ ನೀರು ಹಾಕದ ಸೊಪ್ಪು ಅದು. ಟೊಮೆಟೊ ತೋಟದ ಬದುವಿನಲ್ಲಿ, ಲೇಔಟಿನ ಖಾಲಿ ಸೈಟುಗಳಲ್ಲಿ ತಾನಾಗಿ ಬರುತ್ತದೆ. ಅಣ್ಣೆ, ಗಣಿಕೆ, ದಂಟು, ಹೆಸರು ಮರೆತುಹೋದ ಇನ್ನೆಷ್ಟೋ ಎಲೆಗಳನ್ನು ಒಟ್ಟಿಗೆ ಬೇಯಿಸಿ, ಬೇಳೆಯ ಜೊತೆ ಮಸೆದರೆ ಮಸ್ಸೊಪ್ಪು. ಪೇಟೆಯವರು ದಾರ ಕಟ್ಟಿದ್ದನ್ನು ಮಾತ್ರ ಸೊಪ್ಪು ಅನ್ನುತ್ತಾರೆ. ನಮ್ಮದು ಮಡಿಲಲ್ಲಿ ಬರುತ್ತದೆ. ಈ ಮಾತು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಏರಲಿ.

ನಮ್ಮ ಅತ್ತೆ ಯಲ್ದೂರಿನವರು. ಬೀದಿಯಲ್ಲಿ ಯಾರೇ ಸೊಪ್ಪು ಕಿತ್ತು ತಂದರೂ ಒಲೆಗಿಡುವ ಮೊದಲು ಅವರಿಗೆ ತೋರಿಸಿಕೊಂಡು ಹೋಗುತ್ತಿದ್ದರು. ಅದು ಅವರಿಗಿದ್ದ ಮರ್ಯಾದೆ. ಆ ಶನಿವಾರ ಹಿಂದಿನ ಖಾಲಿ ಸೈಟಿನಲ್ಲಿ ನಾನೂ ಅತ್ತೆಯೂ ಕಿತ್ತೆವು. ಪಕ್ಕದ ಮನೆಯ ಆಪಾ ತಮ್ಮ ಹಿತ್ತಲಿನದೂ ಒಂದು ಹಿಡಿ ಗೋಡೆಯ ಮೇಲಿಂದ ಕೊಟ್ಟರು. ನನ್ನ ಗಂಡ ವೇಮಗಲ್ಲಿನ ಕಾರ್ಖಾನೆಗೆ ಹೋಗಿದ್ದರು. ಶನಿವಾರ ಅತ್ತೆಗೆ ಒಪ್ಪತ್ತು, ಮಧ್ಯಾಹ್ನ ಊಟವಿಲ್ಲ. ಹಾಗಾಗಿ ಮುದ್ದೆ ಮಸ್ಸೊಪ್ಪು ಉಂಡವಳು ನಾನೊಬ್ಬಳೇ.

ಮೊದಲು ಬಾಯಿ ಒಣಗಿತು. ನೀರು ಕುಡಿದರೆ ಅದು ನಾಲಿಗೆಯನ್ನು ಮುಟ್ಟದೆ ಕೆಳಗಿಳಿದಂತಾಯಿತು. ಓದುತ್ತಿದ್ದ ಪುಟದ ಅಕ್ಷರಗಳು ಒಂದರೊಳಗೊಂದು ಕರಗಿದವು. ಬಾಗಿಲಾಚೆಯ ಬಿಸಿಲನ್ನು ನೋಡಲಾಗಲಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮೈ ಕಾದ ಹೆಂಚಿನಂತಿತ್ತು, ಆದರೆ ಒಂದು ಹನಿ ಬೆವರಿಲ್ಲ. ಎದ್ದು ನಿಂತರೆ ನೆಲ ಮೆತ್ತಗಾಗಿತ್ತು. ಇಲ್ಲಿಯವರೆಗೆ ನನ್ನದು. ಮುಂದಿನದೆಲ್ಲ ಆಪಾ ಹೇಳಿದ್ದು, ಆಪಾ ಹೇಳುವಾಗ ಪ್ರತಿ ಸಲವೂ ಒಂದಿಷ್ಟು ಮಸಾಲೆ ಹೆಚ್ಚು ಬೀಳುತ್ತದೆ.

ನಡುಮನೆಯಲ್ಲಿ ಹಮಾಲರು ಟೊಮೆಟೊ ಕ್ರೇಟು ಇಳಿಸುತ್ತಿದ್ದಾರೆ ಎಂದು ನಾನು ಜಗಳಕ್ಕೆ ನಿಂತಿದ್ದೆನಂತೆ. "ಚಪ್ಪಲಿ ಬಿಟ್ಟು ಬನ್ರೋ, ಈಗ್ತಾನೆ ಒರೆಸಿದೀನಿ!" ನಡುಮನೆಯಲ್ಲಿ ಯಾರೂ ಇರಲಿಲ್ಲ. ನೆಲವನ್ನೂ ಒರೆಸಿರಲಿಲ್ಲ ಎಂದು ಆಪಾ ಮರೆಯದೆ ಸೇರಿಸುತ್ತಾರೆ.

ಆಪಾನ ಗಂಡನದೇ ಆಟೋ. ಅವರಿಬ್ಬರೂ ನನ್ನನ್ನು ಎತ್ತಿ ಕೂರಿಸುವಷ್ಟರಲ್ಲಿ ಅತ್ತೆ ಒಳಗೆ ಹೋಗಿ ಮಸ್ಸೊಪ್ಪಿನ ಪಾತ್ರೆಯನ್ನು ಟವೆಲಿನಲ್ಲಿ ಕಟ್ಟಿಕೊಂಡು, ಸೊಪ್ಪು ಬಿಡಿಸಿದ ಕಸವನ್ನು ಒಂದು ಕವರಿಗೆ ತುಂಬಿಕೊಂಡು ಬಂದರು. ಪಾತ್ರೆ ದಾರಿಯುದ್ದಕ್ಕೂ ಅವರ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಯಾರೋ ಕೇಳಿದರು, "ಊಟ ಆಮೇಲೆ ತರೋದಲ್ವೇನಮ್ಮ?"

"ಊಟ ಅಲ್ಲಪ್ಪ. ಇವಳು ತಿಂದಿದ್ದು ಇದನ್ನೇ. ಮಾಡಿದ್ದು ನಾನೇ. ನೋಡ್ಕೊಳಿ."

ಡಾಕ್ಟರು ನನ್ನ ಕಣ್ಣಿಗೆ ಟಾರ್ಚು ಬಿಟ್ಟರು. ಪಾಪೆ ಕಣ್ಣನ್ನೆಲ್ಲ ನುಂಗಿ ಕೂತಿತ್ತಂತೆ. "ಉಮ್ಮತ್ತಿ ಇದ್ದಂಗಿದೆ" ಎಂದರು. ಅತ್ತೆ ಅಲ್ಲೇ ನೆಲದ ಮೇಲೆ ಕವರು ಸುರಿದು ಕಸವನ್ನು ಕೆದಕಿದರು. ಎಳೆಯ ಉಮ್ಮತ್ತಿಯ ಒಂದು ಕಡ್ಡಿ ಸಿಕ್ಕಿತು. ಸಣ್ಣದಿದ್ದಾಗ ಅದಕ್ಕೂ ಗಣಿಕೆಗೂ ಅವಸರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮುಚ್ಚಿಡಬಹುದಾಗಿದ್ದ ಕಡ್ಡಿಯನ್ನು ಅವರು ಎತ್ತಿ ಡಾಕ್ಟರ ಕೈಗೆ ಕೊಟ್ಟರು. ಇದನ್ನು ಹೇಳುವಾಗ ಮಾತ್ರ ಆಪಾ ಮಸಾಲೆ ಹಾಕುವುದಿಲ್ಲ.

ಹೊಟ್ಟೆ ತೊಳೆದರು, ಡ್ರಿಪ್ ಹಾಕಿದರು, ಮೂತ್ರ ಕಟ್ಟಿಕೊಂಡಿದ್ದರಿಂದ ಟ್ಯೂಬ್ ಹಾಕಿದರು. ಮೈಯಲ್ಲಿ ಎಂಜಲು, ಬೆವರು, ಮೂತ್ರ ಎಲ್ಲಕ್ಕೂ ನರಗಳು ಕಳಿಸುವ ಸುದ್ದಿಯನ್ನು ಈ ಗಿಡ ದಾರಿಯಲ್ಲೇ ತಡೆಯುತ್ತದೆ ಎಂದು ಡಾಕ್ಟರು ಆಮೇಲೆ ನನಗೆ ವಿವರಿಸಿದರು. "ಬೇರೆ ಕೆಲವು ಮತ್ತಿನ ಪದಾರ್ಥ ತಗೊಂಡವರಿಗೆ ಗೋಡೆ ಅಲ್ಲಾಡಿದ್ರೂ ಇದು ಮತ್ತು ಅಂತ ಒಳಗೆಲ್ಲೋ ಗೊತ್ತಿರುತ್ತೆ. ಇದ್ರಲ್ಲಿ ಸಾಮಾನ್ಯವಾಗಿ ಅದೂ ಇರಲ್ಲ. ಕಂಡಿದ್ದೆಲ್ಲ ನಿಜಾನೇ."

"ನನಗೆ ನೆನಪಿರೋದು?" ಎಂದು ಕೇಳಿದೆ.

"ಚೂರು ಚೂರು ಉಳಿಯುತ್ತೆ. ಅದ್ರಲ್ಲಿ ನಡೆದಿದ್ದು ಯಾವುದು, ನಡೆಯದೆ ಇದ್ದಿದ್ದು ಯಾವುದು ಅಂತ ನಾನು ಹೇಳಕ್ಕಾಗಲ್ಲಮ್ಮ."

ಹಾಸಿಗೆಯ ಮೇಲೆ ನನ್ನ ಬೆರಳು ಸುಮ್ಮನಿರಲಿಲ್ಲವಂತೆ. ಬಿಳಿ ಹೊದಿಕೆಯಿಂದ ಏನನ್ನೋ ಚಿವುಟುತ್ತಿದ್ದೆ, ಡ್ರಿಪ್ಪಿನ ಪೈಪನ್ನೂ ಚಿವುಟಲು ಹೋದೆ. ನರ್ಸು ಕೈ ಕಟ್ಟಲು ಬಟ್ಟೆ ತಂದರು. ಅತ್ತೆ ತಡೆದರು. ಹಾಸಿಗೆಯ ಪಕ್ಕ ಕುಳಿತು ಸೆರಗು ಹರಡಿದರು. ನಾನು ಚಿವುಟಿದ್ದನ್ನೆಲ್ಲ ಆ ಸೆರಗಿಗೆ ಹಾಕತೊಡಗಿದೆ.

"ಇಷ್ಟು ಸಾಕಾ ಅತ್ತಮ್ಮ?"

"ಇನ್ನೊಂದು ಹಿಡಿ ಬಿಡಿಸಮ್ಮಾಯಿ, ನಿಧಾನಕ್ಕೆ. ಜನ ಜಾಸ್ತಿ ಇದಾರೆ."

ಏನೂ ಇಲ್ಲದ ಸೊಪ್ಪನ್ನು ಏನೂ ಇಲ್ಲದ ಹೊಲದಿಂದ ಬಿಡಿಸಿ ಹಾಕಿದೆ, ಅವರು ಒಂದೊಂದನ್ನೂ ತೆಗೆದುಕೊಂಡರು. ನನ್ನ ಕೈ ಕಟ್ಟಬೇಕಾಗಲಿಲ್ಲ. ಇದು ನನಗೆ ಒಂದಿಷ್ಟೂ ನೆನಪಿಲ್ಲ. ಯಾವುದು ನೆನಪಿರಬೇಕಿತ್ತೋ ಅದು ಹೋಗಿದೆ, ಉಳಿದಿರುವುದು ಆ ಕಿಟಕಿ ಮತ್ತು ಆ ಎಲೆ.

ಮಾಲೂರಿನಿಂದ ಅಣ್ಣ ಬಂದ. ಬಂದವನು ಕೂರಲೂ ಇಲ್ಲ. "ಮಾಡಿದವರು ತಿಂದಿಲ್ಲ, ತಿಂದೋಳು ಬಿದ್ದವ್ಳೆ. ಒಪ್ಪತ್ತಂತೆ! ಚೆನ್ನಾಗದೆ" ಎಂದು ಅತ್ತೆಯ ಮುಂದೆಯೇ ಹೇಳಿದ. ಆಗಲೇ ಬಂದು ನಿಂತಿದ್ದ ನನ್ನ ಗಂಡನ ಮುಖ ಕೆಂಪಾಯಿತು. ಅತ್ತೆ ಮಗನ ಕೈ ಹಿಡಿದು ನಿಲ್ಲಿಸಿದರು.

"ಕೇಳಪ್ಪ, ಕೇಳ್ಬೇಕಾದ್ದೇ. ನನ್ ತಂಗಿ ಆಗಿದ್ರೆ ನಾನೂ ಹಿಂಗೇ ಕೇಳ್ತಿದ್ದೆ."

ಇಂಥ ವಿಷಯ ಪೊಲೀಸರಿಗೆ ಹೋಗಲೇಬೇಕು, ಹೋಗಿತ್ತು. ನನಗೆ ಬುದ್ಧಿ ತಿಳಿಯಾದ ಮೇಲೆ ಮಹಿಳಾ ಪೇದೆ ಬಂದು ಕೇಳಿದರು, "ಯಾರ ಮೇಲಾದ್ರೂ ಅನುಮಾನ ಇದೆಯೇನಮ್ಮ?" ಅಣ್ಣ ನನ್ನನ್ನೇ ನೋಡುತ್ತಿದ್ದ. ಎಲೆ ಕಣ್ಣ ಮುಂದೆಯೇ ಇತ್ತು. ಅದನ್ನು ಹೇಳಿದರೆ ಅತ್ತೆ ಇನ್ನು ಯಾರ ಮನೆಯ ಸೊಪ್ಪನ್ನೂ ಮುಟ್ಟುವಂತಿಲ್ಲ, ಪ್ರಾಯಶಃ ಯಾರ ಮುಖವನ್ನೂ ನೋಡುವಂತಿಲ್ಲ. ಹೇಳದಿದ್ದರೆ, ಕಂಡದ್ದನ್ನು ನುಂಗಿದವಳಾಗುತ್ತೇನೆ. ಕಣ್ಣು ಮುಚ್ಚಿ ನಮ್ಮ ಅಡಿಗೆಮನೆಯನ್ನು ಸುತ್ತಿದೆ. ಸ್ಟವ್, ಡಬ್ಬಗಳು, ಸಿಂಕು, ಸಿಂಕಿನ ಮೇಲೆ ಕಿಟಕಿ.

"ಸೊಪ್ಪು ಕಿತ್ತಿದ್ದು ನಾವೆಲ್ಲ. ಆ ಎಲೆ ಯಾರ ಕೈಯಿಂದ ಬಂತೋ ಗೊತ್ತಿಲ್ಲ. ಅತ್ತೆ ಎಲೆ ಹಿಡ್ಕೊಂಡು ನಿಂತಿದ್ದು ನೆನಪಿದೆ, ಆದ್ರೆ ಅದ್ರಲ್ಲಿ ಕಿಟಕಿ ತಪ್ಪು ಜಾಗದಲ್ಲಿದೆ. ಅದನ್ನ ಸಾಕ್ಷಿ ಅಂತ ನಾನು ಹೇಳಲ್ಲ" ಎಂದೆ. ನಾನು ಬರೆದಿರುವ ಯಾವ ವಾಕ್ಯದ ಬಗೆಗೂ ನನಗೆ ಇಷ್ಟು ಹೆಮ್ಮೆಯಿಲ್ಲ.

ಅತ್ತೆ ಕಾಲದೆಸೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಒಲೆಗೆ ಹಾಕಿದ್ದು ನಾನೇ, ಬರ್ಕೊಳಮ್ಮ" ಎಂದರು.

"ನನ್ ಹಿಡೀಲೂ ಇರಬೋದು ಮೇಡಂ. ನಾನು ಕನ್ನಡಕ ಹಾಕ್ಕೊಂಡಿರ್ಲಿಲ್ಲ" ಎಂದರು ಆಪಾ.

ಪೇದೆ ಪೆನ್ನು ಎತ್ತಿ ಹಿಡಿದರು. "ಏನ್ರಮ್ಮ ನೀವು? ಎಲ್ಲಾ ಕಡೆ ನಾನಲ್ಲ ನಾನಲ್ಲ ಅಂತಾರೆ, ಇಲ್ಲಿ ನೋಡಿದ್ರೆ ಪೈಪೋಟಿ ಮಾಡ್ತಿದೀರ!"

ಪೊಲೀಸರ ಕಡೆಯಿಂದ ಅದು ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಮುಗಿಯಲಿಲ್ಲ. ಅತ್ತೆ ಸೊಪ್ಪಿಗೆ ಹೋಗುವುದನ್ನು ಬಿಟ್ಟರು. ತೋರಿಸಲು ಬಂದವರಿಗೆ "ನಂಗೆ ಕಣ್ಣು ಕಾಣಲ್ಲ" ಎಂದು ಬಾಗಿಲಿಂದಲೇ ಹೇಳಿ ಕಳಿಸಿದರು. ನಮ್ಮ ಮನೆಗೂ ದಾರ ಕಟ್ಟಿದ ಪಾಲಕ್ ಬರತೊಡಗಿತು.

ಮಾವು ಮುಗಿಯುವ ಮುಂಚೆ ಯಲ್ದೂರಿನ ಅತ್ತೆಯ ಹಳೆಯ ಮನೆಗೆ ಹೋದೆವು. ಹಣ್ಣು ಒಯ್ಯುವ ನೆಪದಲ್ಲಿ ಅಣ್ಣನನ್ನೂ ಟೆಂಪೋ ಸಮೇತ ಕರೆದೆ. ತೋಪಿನ ಕೆಳಗೆ ಸೊಪ್ಪು ಸೊಂಪಾಗಿತ್ತು. ನಾನೊಬ್ಬಳೇ ಕಿತ್ತು ತಂದು ಅತ್ತೆಯ ಮುಂದೆ ಮೊರದಲ್ಲಿ ಸುರಿದೆ.

"ನಿಮ್ಮಣ್ಣ ಉಣ್ತಾನಾ?" ಎಂದರು.

ಅಣ್ಣ ಬಾಗಿಲಲ್ಲೇ ಇದ್ದ. "ನಾನುಣ್ತೀನಿ ಬಿಡಿ. ಆಟೋ ರೆಡಿ ಇಟ್ಟಿರಿ, ಅಷ್ಟೇ."

"ಆಟೋ ಯಾಕೋ? ನಿನ್ನ ಮಾವಿನ ಟೆಂಪೋದಲ್ಲೇ ಹಾಕ್ಕೊಂಡೋಗ್ತೀವಿ" ಎಂದರು ಅತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕಿದ್ದು ಅವತ್ತೇ ಮೊದಲು ಎಂದುಕೊಂಡಿದ್ದೇನೆ.

ಅವರು ಬೇಗ ಬೇಗ ಬಿಡಿಸಲಿಲ್ಲ. ಒಂದೊಂದೇ ಎಲೆಯನ್ನು ಒಲೆಯ ಹಿಂದಿನ ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿ ನೋಡಿದರು, ಸರಿಯೇ ಎಂಬಂತೆ ನನ್ನ ಮುಖ ನೋಡಿ ಪಾತ್ರೆಗೆ ಹಾಕಿದರು. ನಾನು ನಿಂತಲ್ಲೇ ನಿಂತೆ. ಆ ಕಿಟಕಿ, ಆ ನರಗಳು, ಆ ನೋಟ. ಅವತ್ತು ನನ್ನ ತಲೆ ಈ ಮನೆಯ ಯಾವುದೋ ಹಳೆಯ ಮಧ್ಯಾಹ್ನವನ್ನು ಕೋಲಾರಕ್ಕೆ ಎತ್ತಿಕೊಂಡು ಬಂದಿತ್ತೇ? ಅಥವಾ ಕೋಲಾರದಲ್ಲಿ ನಡೆದದ್ದಕ್ಕೆ ಈ ಕಿಟಕಿಯನ್ನು ಅಂಟಿಸಿತ್ತೇ? ಹಾಗೆ ನಡೆದಿದ್ದರೂ, ಆ ಎಲೆ ಗಣಿಕೆಯದೇ ಆಗಿರಬಹುದಿತ್ತು.

ಊಟಕ್ಕೆ ಕೂತಾಗ ಮೊದಲ ತುತ್ತನ್ನು ಅತ್ತೆಯೇ ನುಂಗಿದರು. ಅದು ಶನಿವಾರವಾಗಿತ್ತು. ಅಣ್ಣ ಅದನ್ನು ಗಮನಿಸಿದ, ತಟ್ಟೆ ಮುಂದೆ ಚಾಚಿದ. ನಾನೂ ಚಾಚಿದೆ. ಮರುದಿನ ಕೋಲಾರಕ್ಕೆ ಬಂದಾಗ ಆಪಾ ಗೋಡೆಯ ಮೇಲಿಂದ ಒಂದು ಹಿಡಿ ಸೊಪ್ಪು ತೋರಿಸಿದರು. ಅತ್ತೆ ಬಾಗಿಲಿಂದ ಕಳಿಸದೆ ಗೋಡೆಯ ಹತ್ತಿರ ಹೋಗಿ ಅದನ್ನು ಕೈಗೆ ತೆಗೆದುಕೊಂಡರು.

ಉಮ್ಮತ್ತಿಯ ಆ ಎಲೆ ಯಾರ ಕೈಯಿಂದ ಬಂತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆಗೆ ಗೊತ್ತಿದೆಯೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.