ನಮ್ಮವಲ್ಲದ ಚಪ್ಪಲಿ

ಮೇ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಕೊಲಂಬೊದ ಒಂದು ಚರ್ಚಿನ ಮುಂದೆ ನಾವು ಮೂವರು ನಿಂತಿದ್ದೆವು: ಅಪ್ಪ, ಸೋದರತ್ತೆ ಮತ್ತು ಹತ್ತು ವರ್ಷದ ನಾನು.

ಆಗೆಲ್ಲ ಬಳ್ಳಾರಿಯ ನಮಗೆ ಪರದೇಶ ಎಂದರೆ ಸಿಲೋನ್. ದಿನವೂ ರೇಡಿಯೊದಲ್ಲಿ ಅದರ ಹೆಸರು ಕೇಳುತ್ತಿದ್ದೆವು. ಅತ್ತೆ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಆ ಬೇಸಿಗೆ ರಜೆಗೆ ಬರಹೇಳಿದಳು. ರೈಲು, ರಾಮೇಶ್ವರದಿಂದ ಹಡಗು, ಮತ್ತೆ ರೈಲು. ಸಿರುಗುಪ್ಪದ ಅಜ್ಜಿ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಗಂಟು ಬಿಚ್ಚಿದಾಗ ಹಡಗಿನಲ್ಲಿ ಪಕ್ಕದವರೂ ಬೆಳ್ಳುಳ್ಳಿ ವಾಸನೆಗೆ ತಿರುಗಿ ನೋಡಿದ್ದರು.

ನನ್ನ ಕಾಲಲ್ಲಿ ಹೊಸ ಚಪ್ಪಲಿ. ಪ್ರಯಾಣಕ್ಕೆಂದೇ ಅಪ್ಪ ಕುರುಗೋಡಿಗೆ ಕರೆದೊಯ್ದು, ಅಳತೆ ಕೊಡಿಸಿ ಹೊಲಿಸಿದ್ದ. ದಪ್ಪ ತೊಗಲು, ಎಣ್ಣೆಯ ವಾಸನೆ. ನಡೆದರೆ ಕಿರ್ ಕಿರ್ ಎನ್ನುತ್ತಿದ್ದವು.

ನಮ್ಮ ಕಂಟೋನ್ಮೆಂಟಿನ ಚರ್ಚಿನಲ್ಲಿ ಆಗ ಚಾಪೆಯ ಮೇಲೆ ಕೂರುತ್ತಿದ್ದೆವು. ಚಪ್ಪಲಿ ಹೊರಗೆ, ಮೆಟ್ಟಿಲ ಪಕ್ಕ, ಸಾಲಾಗಿ. ಸಭೆಯ ಹಿರಿಯನಾದ ಅಪ್ಪ ಬಾಗಿಲಲ್ಲಿ ನಿಂತು ಆ ಸಾಲು ಕಾಯುತ್ತಿದ್ದ. ಗೋಲಿಯಾಟ ಬಿಟ್ಟು ಓಡಿಬಂದ ಹುಡುಗರು ಹಾಗೇ ಒಳನುಗ್ಗಿದರೆ, "ಕಾಲಾಗಿನ ಧೂಳ ದೇವರಿಗೆ ತೋರ್ಸಾಕ ಬಂದೀರೇನ್ರಲೇ?" ಎಂದು ಹೊರಗಟ್ಟುತ್ತಿದ್ದ. ಒಮ್ಮೆ ಬೂಟು ಹಾಕಿಕೊಂಡು ಬಂದ ದೊಡ್ಡ ಅಧಿಕಾರಿಯನ್ನೂ ತಡೆದಿದ್ದ. "ಸಾಹೇಬ್ರ, ಬಿಟ್ಟು ಬರ್ರಿ. ನಿಮ್ಮ ಬೂಟು ನಾ ಕಾಯ್ತೀನಿ." ಆ ಅಧಿಕಾರಿ ಬಗ್ಗಿ ಲೇಸು ಬಿಚ್ಚಿದ್ದು ನೋಡಿ ನನಗೆ ಇಡೀ ವಾರ ಹೆಮ್ಮೆ.

ಕೊಲಂಬೊದಲ್ಲೂ ನಾನು ಮೆಟ್ಟಿಲ ಪಕ್ಕ ಚಪ್ಪಲಿ ಜೋಡಿಸಿಟ್ಟು ಒಳಹೊಕ್ಕೆ. ಎಲ್ಲರ ಕಾಲಲ್ಲೂ ಬೂಟು. ತಿರುಗಿ ನೋಡಿದರೆ ಅಪ್ಪನ ಕಾಲಲ್ಲೂ.

"ಅಪ್ಪಾ, ಬೂಟು ಬಿಟ್ಟಿಲ್ರಿ," ಎಂದು ಪಿಸುಗುಟ್ಟಿದೆ.

"ಸುಮ್ನ ಬಾರವ್ವ," ಎಂದಳು ಅತ್ತೆ. "ಇಲ್ಲಿ ಯಾರೂ ಬಿಡಂಗಿಲ್ಲ."

ಅಪ್ಪ ಮುಂದೆ ನಡೆದು ಬೆಂಚಿನಲ್ಲಿ ಕೂತ. ಅಷ್ಟರಲ್ಲಿ ವಾದ್ಯ ಶುರುವಾಯಿತು, ಎಲ್ಲರೂ ಎದ್ದು ನಿಂತರು. ಪಾಲಿಶ್ ಮಾಡಿದ ಬೆಂಚಿನ ಕೆಳಗೆ ನನ್ನ ಬರಿಗಾಲು ತಣ್ಣಗಾಗಿತ್ತು. ಹಾಡುಗಳಲ್ಲಿ ಒಂದೂ ಗೊತ್ತಿರಲಿಲ್ಲ.

ಆರಾಧನೆ ಮುಗಿದು ಎಲ್ಲರೂ ಬಾಗಿಲಲ್ಲಿ ಪಾದ್ರಿಯ ಕೈಕುಲುಕುತ್ತಿದ್ದರು. ಅಲ್ಲಿನ ಹಿರಿಯರೊಬ್ಬರು ನನ್ನ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇವು ಯಾರವು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೆಂಗಸರು ನಕ್ಕರು. ದನ ಕಾಯುವವನವಿರಬೇಕು ಎಂದು ಯಾರೋ ಅಂದರು. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಹೆಜ್ಜೆ ಮುಂದಿಟ್ಟೆ. ಅಪ್ಪನ ಕೈ ನನ್ನ ಹೆಗಲು ಹಿಡಿಯಿತು.

ಹಿರಿಯರು ಅಪ್ಪನ ಕಡೆ ನೋಡಿದರು. ಅಪ್ಪ ನಗುತ್ತಲೇ, ನಮ್ಮವಲ್ಲ ಎಂದ. ಆಮೇಲೆ ನನ್ನ ಪಾದ ಕಾಣದಂತೆ ಅತ್ತೆಯ ಸೀರೆಯ ಹಿಂದಕ್ಕೆ ಸರಿಸಿದ.

ಮನೆಯವರೆಗೂ ಬಿಸಿಲು, ಕರಗಿದ ಡಾಂಬರು.

"ಬಾ, ಎತ್ಕೊಂತೀನಿ," ಎಂದ ಅಪ್ಪ.

"ಬ್ಯಾಡ್ರಿ."

"ನಾಳೆ ಹೊಸಾವು ಕೊಡಸ್ತೀನಿ. ಬೂಟನ್ನ ಕೊಡಸ್ತೀನಿ."

"ನನ್ನವು ಅಲ್ಲೇ ಅದಾವಲ್ರಿ."

ಅತ್ತೆ ನಡುವೆ ಬಂದಳು. "ಅಷ್ಟು ಮಂದ್ಯಾಗ ನಿಮ್ಮಪ್ಪ ಏನಂತ ಹೇಳ್ಬೇಕಿತ್ತ? ಕೇಳಿದವರು ನಮ್ಮ ದವಾಖಾನಿ ದೊಡ್ಡ ಡಾಕ್ಟ್ರು. ನನ್ನ ಮಾನಾನೂ ಐತಲ್ಲ."

ಊರಿಗೆ ಮರಳಿದ ಮೇಲೆ ಅಪ್ಪ ಮತ್ತೆ ಕಂಟೋನ್ಮೆಂಟಿನ ಬಾಗಿಲಲ್ಲಿ ನಿಂತ, ಹುಡುಗರಿಗೆ ಅದೇ ಮಾತು ಹೇಳಿದ. ಹುಡುಗರು ಹೆದರಿ ಹಿಂದೆ ಸರಿದರು. ನಾನು ಮುಖ ತಿರುಗಿಸಿ ಒಳಗೆ ಹೋದೆ. ಈಗ ಅಲ್ಲೂ ಬೆಂಚುಗಳಿವೆ, ಎಲ್ಲರೂ ಚಪ್ಪಲಿ ಹಾಕಿಕೊಂಡೇ ಹೋಗುತ್ತಾರೆ. ಅದರಿಂದ ನನಗೆ ದುಃಖವಿಲ್ಲ, ಪದ್ಧತಿ ಬದಲಾಗುತ್ತದೆ. ಅಪ್ಪ ಹೇಳಿದ್ದು ಎಲ್ಲ ಊರಲ್ಲೂ, ಎಲ್ಲರ ಮುಂದೂ ಒಂದೇ ಎಂದು ನಂಬಿದ್ದೆನಲ್ಲ, ಆ ನಂಬಿಕೆ ಮಾತ್ರ ಮತ್ತೆ ಯಾರ ಮೇಲೂ ಬರಲಿಲ್ಲ. ಅಪ್ಪ ತೀರಿಕೊಂಡ ದಿನವೂ ನನಗೆ ಮೊದಲು ನೆನಪಾದದ್ದು ಹೆಗಲ ಮೇಲಿನ ಆ ಕೈ.

ಕೊಲಂಬೊದ ಆ ಭಾನುವಾರ ಸಂಜೆ ಅಪ್ಪ ಕೊಬ್ಬರಿ ಎಣ್ಣೆ, ಹಳೆಯ ಅರಿವೆ ತಂದು ನನ್ನ ಮುಂದೆ ನೆಲದ ಮೇಲೆ ಕೂತ. ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಂಟಿದ ಡಾಂಬರನ್ನು ತಲೆಯೆತ್ತದೆ ಉಜ್ಜಿದ.

"ಎಲ್ಲಾ ಹೋತೇನವ್ವಾ?"

"ಹೋತ್ರಿ," ಎಂದೆ. ಹೋಗಿರಲಿಲ್ಲ.

ಅಪ್ಪ ಅರಿವೆ ಮಡಚಿದ, ಬಾಟಲಿಗೆ ಬಿರಡೆ ಹಾಕಿದ, ಎದ್ದ.