ಪರದೆಯ ಹಿಂದಿನ ಪಿಸ್ತೂಲು

ಹುಮನಾಬಾದಿನ ಗೌರಾಬಾಯಿಯವರ ಪಡಸಾಲೆಯ ಗೋಡೆಯಲ್ಲಿ ಎರಡು ಮರದ ಗೂಟಗಳಿದ್ದವು. ಅವುಗಳ ಮೇಲೆ ಅವರ ಮಾವನ ಕಾಲದ ಜೋಡುನಳಿಗೆಯ ಬಂದೂಕೊಂದು ವರ್ಷಾನುಗಟ್ಟಲೆ ಮಲಗಿತ್ತು. ನಿಜಾಮಶಾಹಿ ಮುಗಿದು, ಮನೆಮನೆಯ ಆಯುಧಗಳನ್ನೆಲ್ಲ ತಹಸೀಲ ಕಚೇರಿಗೆ ಒಪ್ಪಿಸಬೇಕೆಂದು ಡಂಗುರ ಸಾರಿದ ಮೇಲೆ ಬಂದೂಕು ಹೋಯಿತು, ಗೂಟಗಳು ಉಳಿದವು. ನಾನು ಆ ಮನೆಯ ಹೊಸ್ತಿಲನ್ನು ಮೊದಲ ಸಲ ದಾಟಿದಾಗ ಒಂದು ಗೂಟದಲ್ಲಿ ಜರಡಿ, ಇನ್ನೊಂದರಲ್ಲಿ ಬೆಳ್ಳುಳ್ಳಿಯ ಗೊಂಚಲು ತೂಗುತ್ತಿದ್ದವು. ಒಂದು ರಾಜ್ಯ ಬಿದ್ದು ಇನ್ನೊಂದು ಎದ್ದ ಸಂಗತಿಯನ್ನು ಇಷ್ಟು ಅಚ್ಚುಕಟ್ಟಾಗಿ ಹೇಳುವ ಇತಿಹಾಸ ಗ್ರಂಥವನ್ನು, ಓದುಗ ಮಿತ್ರರೇ, ನಾನಂತೂ ಓದಿಲ್ಲ.

ಹೊಲಕ್ಕೆ ನುಗ್ಗಿದ ಹಂದಿಗಳನ್ನಲ್ಲದೆ ಆ ಬಂದೂಕು ಯಾರನ್ನೂ ಬೆದರಿಸಿದ್ದಿಲ್ಲವೆಂದು ಗೌರಾಬಾಯಿ ಹೇಳುತ್ತಿದ್ದರು. ಎಲ್ಲ ಬಂದೂಕುಗಳ ಬಗೆಗೂ ಹಾಗೆ ಹೇಳುವಂತಿದ್ದರೆ ಎಷ್ಟು ಚೆನ್ನಿತ್ತು! ನಿಜಾಮಶಾಹಿ ಬಿದ್ದ ವರುಷದ ಗಲಭೆಯಲ್ಲಿ ನಮ್ಮ ಸೀಮೆಯೊಳಗೆ ಮೊದಲು ಒಂದು ಕಡೆಯವರ ಬಂದೂಕು ಮಾತಾಡಿತು, ಬಳಿಕ ಇನ್ನೊಂದು ಕಡೆಯವರದು. ಎರಡೂ ಸಲ ಸತ್ತವರು ಬಂದೂಕಿಲ್ಲದವರೇ. ಇದು ಅನ್ಯಾಯ ಎಂದು ನಾನು ಮೊದಲೇ ಬರೆದಿಡುತ್ತೇನೆ. ಕಂಡ ಅನ್ಯಾಯವನ್ನು ಹೆಸರಿಟ್ಟು ಕೂಗಬೇಕೆಂದು ಪುಣೆಯ ವಸತಿಶಾಲೆಯಲ್ಲಿ ನನಗೆ ಕಲಿಸಿದ್ದರು. ಯಾರ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿರುವಾಗ ಕೂಗಬಾರದೆಂಬುದನ್ನು ಮಾತ್ರ ಅಲ್ಲಿ ಕಲಿಸಿರಲಿಲ್ಲ.

ಉಪ್ಪಿಟ್ಟಿನ ಆ ದಿನ ನಾನು ಬಸವಕಲ್ಯಾಣದಿಂದ ಗೌರಾಬಾಯಿಯವರಲ್ಲಿಗೆ ಹೋದದ್ದು ಒಂದು ಬೇಡಿಕೆಯೊಂದಿಗೆ. ಹುಮನಾಬಾದಿನಲ್ಲಿ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆ ತೆರೆಯಬೇಕು. ಅದಕ್ಕೆ ಅವರ ವಿಶಾಲವಾದ ಪಡಸಾಲೆ ಬೇಕು. ಪಡಸಾಲೆಗೆ ಅವರು ಸಂತೋಷದಿಂದ ಒಪ್ಪಿದರು. ಒಪ್ಪದೆ ಹೋದದ್ದು ಶಿಕ್ಷಕಿಗೆ. ನನ್ನೊಡನೆ ಬಂದಿದ್ದ ಶಾಂತಾ ಕೊಹಿನೂರೆಂಬ ಹಳ್ಳಿಯ ರೈತರ ಮಗಳು. ನನ್ನ ಕೈಕೆಳಗೇ ಓದಿ ಪರೀಕ್ಷೆ ಮುಗಿಸಿದವಳು. ಈ ಕೆಲಸ ಸಿಗದಿದ್ದರೆ ಅಣ್ಣಂದಿರು ಅವಳನ್ನು ಊರಿಗೆ ಕರೆಸಿಕೊಂಡು, ಚಿಟಗುಪ್ಪದ ಒಬ್ಬ ನಡುವಯಸ್ಸಿನ ವಿಧುರನ ಕೈಗೆ ಒಪ್ಪಿಸಲು ದಿನ ಗೊತ್ತುಮಾಡುವವರಿದ್ದರು. ಇಷ್ಟೆಲ್ಲ ಪಣಕ್ಕಿಟ್ಟುಕೊಂಡ ಹುಡುಗಿ ಗೌರಾಬಾಯಿ ಕೊಟ್ಟ ಚಹದ ಬಟ್ಟಲನ್ನು ಎಡಗೈಯಲ್ಲಿ ತೆಗೆದುಕೊಂಡಳು.

"ಎಡಚಿ ಅದಾಳೇನವ್ವಾ ಈಕಿ?" ಎಂದರು ಗೌರಾಬಾಯಿ, ಅವಳನ್ನು ಬಿಟ್ಟು ನನ್ನನ್ನು ನೋಡುತ್ತ.

"ಬರೆಯುವುದೂ ಅದೇ ಕೈಯಲ್ಲಿ, ಮುತ್ತು ಪೋಣಿಸಿದ ಹಾಗೆ," ಎಂದೆ.

"ಮುತ್ತು ಪೋಣಸ್ಲಿ, ಹವಳ ಪೋಣಸ್ಲಿ. ಈಕಿನ್ನ ನೋಡಿ ಕೂಸುಗೋಳೆಲ್ಲ ಎಡಗೈಲೆ ಬರೀಲಾಕ ಸುರು ಮಾಡಿದ್ರ ಅವರ ಅವ್ವಗೋಳು ನನ್ನ ಬಾಗಲಿಗೆ ಬರ್ತಾರ. ನಾಕ ಊರಾಗ ನಾ ಏನಂತ ಹೇಳ್ಲಿ?"

ನಾನು ಮೂಢನಂಬಿಕೆಯ ಮೇಲೆ ಒಂದು ಪುಟ್ಟ ಉಪನ್ಯಾಸ ಮಾಡಿದೆ. ಅದರ ಫಲವಾಗಿ ಅವರು ಇನ್ನಷ್ಟು ಉಪ್ಪಿಟ್ಟು ಬಡಿಸಿ, "ತಿನ್ರಿ ಅಕ್ಕಾರ, ಮಾತಾಡಿ ಮಾತಾಡಿ ಸೊರಗೀರಿ," ಎಂದರು. ನಿರ್ಧಾರವನ್ನು ಶುಕ್ರವಾರದ ಸಂತೆ ಮುಗಿದ ಮೇಲೆ ತಿಳಿಸುವುದಾಗಿಯೂ, ಅಲ್ಲಿಯವರೆಗೆ ನಾವಿಬ್ಬರೂ ತಮ್ಮಲ್ಲೇ ಇರಬೇಕೆಂದೂ, ಸಂಜೆ ತಂಬುವಿನಲ್ಲಿ ಸಿನಿಮಾ ಇದೆಯೆಂದೂ ಒಂದೇ ಉಸಿರಿನಲ್ಲಿ ಹೇಳಿದರು.

ಸಂತೆಯ ಮೈದಾನದಲ್ಲಿ ಆ ದಿನಗಳಲ್ಲಿ ಒಂದು ಸಂಚಾರಿ ಸಿನಿಮಾ ತಂಬು ಬೀಡುಬಿಟ್ಟಿತ್ತು. ಅಲ್ಲಿಯ ಪದ್ಧತಿಯನ್ನು ನೀವು ತಿಳಿದಿರಬೇಕು. ತಂಬುವಿನ ನಡುವೆ ಬಿಳಿಯ ಪರದೆ, ಮುಂದೆ ಗಂಡಸರು, ಹಿಂದೆ ಹೆಂಗಸರು. ಮುಸಲ್ಮಾನರ ಮನೆಗಳ, ಪರಪುರುಷರ ಕಣ್ಣಿಗೆ ಬೀಳದ ಗೋಷೆಯ ಬೇಗಮರಿಗೆಂದು ಶುರುವಾದ ಈ ಏರ್ಪಾಟು ಕ್ರಮೇಣ ಎಲ್ಲ ಜಾತಿಯ ಹೆಂಗಸರಿಗೂ ಮರ್ಯಾದೆಯ ಗುರುತಾಗಿಬಿಟ್ಟಿತ್ತು. ಮೇಲ್ಜಾತಿ ಕೆಳಜಾತಿ ಎನ್ನದೆ, ಹಿಂದೂ ಮುಸಲ್ಮಾನರೆನ್ನದೆ ಸಕಲ ಸ್ತ್ರೀಯರನ್ನೂ ಸಮಾನವಾಗಿ ಹಿಂದಕ್ಕೆ ತಳ್ಳಿದ ಮತ್ತೊಂದು ಸಂಸ್ಥೆಯನ್ನು ನಾನು ಕಾಣೆ. ಚಿತ್ರ ಆ ಬದಿಗೂ ಚೆನ್ನಾಗಿ ಒಡೆದು ಕಾಣಲೆಂದು ಆಟಕ್ಕೆ ಮೊದಲು ಪರದೆಗೆ ನೀರು ಎರಚುತ್ತಿದ್ದರು. ಒದ್ದೆಬಟ್ಟೆಯಲ್ಲಿ ಚಿತ್ರ ಸೊಗಸಾಗಿಯೇ ಮೂಡುತ್ತಿತ್ತು. ಒಂದೇ ಕೊರತೆ, ಕನ್ನಡಿಯಲ್ಲಿ ಕಂಡಂತೆ ಎಲ್ಲವೂ ಎಡಬಲ ಅದಲುಬದಲಾಗಿರುತ್ತಿತ್ತು. ಎಷ್ಟೋ ಚಿತ್ರಗಳನ್ನು ಹಾಗೆಯೇ ನೋಡಿ ಬೆಳೆದಿದ್ದ ಆ ಹೆಂಗಸರಿಗೆ ಅದು ಕೊರತೆಯೆಂಬ ಅರಿವೂ ಇರಲಿಲ್ಲ. ಅನ್ಯಾಯ ರೂಢಿಯಾದಾಗ ಹೀಗೆಯೇ ಆಗುತ್ತದೆ.

ಆ ಸಂಜೆಯ ಚಿತ್ರ ಮುಂಬಯಿಯಿಂದ ಬಂದ ಒಂದು ಕೊಲೆಯ ಕಥೆ. ಸಾಲುಗಟ್ಟಿ ಬಂದ ಅದರ ಪಿಸ್ತೂಲುಗಳನ್ನು ನಾನು ನ್ಯಾಯಾಧೀಶೆಯಂತೆ ಒಂದೊಂದಾಗಿ ಕಟಕಟೆಗೆ ಕರೆದೆ. ಪತ್ತೇದಾರನ ಪಿಸ್ತೂಲು ಅಂಗೈಯಗಲದ್ದು. ಕೋಟಿನ ಜೇಬಿನಿಂದ ಅವನು ಅದನ್ನು ಕರವಸ್ತ್ರದಷ್ಟೇ ಸಲೀಸಾಗಿ ತೆಗೆಯುತ್ತಿದ್ದ. ಒಮ್ಮೆಯೂ ಗುಂಡು ತುಂಬದ ಅದು ಕೊನೆಯವರೆಗೂ ಗುಂಡು ಹಾರಿಸುತ್ತಲೇ ಇತ್ತು. ಬಡವರ ಮನೆಯ ಹಿಟ್ಟಿನ ಗಡಿಗೆಗೆ ಈ ಗುಣವಿದ್ದಿದ್ದರೆ ದೇಶದ ಅರ್ಧ ಸಮಸ್ಯೆ ತೀರುತ್ತಿತ್ತು. ಖಳನ ಪಿಸ್ತೂಲಿಗೆ ಉದ್ದನೆಯ ನಳಿಗೆ. ಆದರೂ ಅವನ ಗುಂಡು ನಾಯಕನ ಟೋಪಿಗಿಂತ ಕೆಳಗೆ ಇಳಿಯಲೊಲ್ಲದು. ಪೊಲೀಸರ ರೈಫಲುಗಳು ಮೆರವಣಿಗೆಗೆ ಮಾತ್ರ. ಕಥೆಯ ಸಾಹುಕಾರ ಶೇಟನ ಬಂಗಲೆಯ ಗೋಡೆಯ ಮೇಲಿನ ಬೇಟೆಬಂದೂಕಿಗೆ ಧೂಳು ಒರೆಸಿಕೊಳ್ಳುವುದೊಂದೇ ಕೆಲಸ, ಆ ಧೂಳು ಒರೆಸುವ ಆಳೇ ಮೊದಲು ಗುಂಡು ತಿಂದು ಬಿದ್ದವನು. ಇನ್ನು ನರ್ತಕಿಯೊಬ್ಬಳ ಚೀಲದಲ್ಲಿ ಮುತ್ತಿನ ಹಿಡಿಯ ಪುಟ್ಟ ಪಿಸ್ತೂಲೊಂದಿತ್ತು. ಅವಳು ಧೈರ್ಯವಾಗಿ ಗುರಿಯಿಟ್ಟಳು, ನಾಯಕ ಬಂದು ಅದನ್ನು ಮೆಲ್ಲಗೆ ಕಿತ್ತುಕೊಂಡು ಅವಳಿಗೆ ಹೂ ಕೊಟ್ಟ. ಹೆಣ್ಣಿನ ಕೈಗೆ ಆಯುಧ ಕೊಟ್ಟಂತೆ ಮಾಡಿ ಮಲ್ಲಿಗೆ ಹಿಡಿಸುವ ಈ ವಂಚನೆಯನ್ನು ನಾನು ಅಲ್ಲಿಯೇ ಗಟ್ಟಿಯಾಗಿ ಖಂಡಿಸಿದೆ. ಪಕ್ಕದಲ್ಲಿ ಕುಳಿತಿದ್ದ ಬಳೆಗಾರ್ತಿ ಹಲೀಮಾಬಿ, "ಚುಪ್ ಕೂಡ್ರಿ ಅಕ್ಕಾರ, ಅಸಲಿ ಕೊಲಿ ಆಗೋ ಟೈಮ್ ಬಂತು," ಎಂದು ಬೇಡಿಕೊಂಡಳು.

ಕೊಲೆಯಾಯಿತು. ಬಂಗಲೆಯ ಬಾಗಿಲ ತೆರೆಯ ಮರೆಯಿಂದ ಪಿಸ್ತೂಲು ಹಿಡಿದ ಕೈಯೊಂದು ಮಾತ್ರ ಹೊರಬಂತು, ಶೇಟ ಉರುಳಿದ. ಯಾರ ಕೈ? ಪತ್ತೇದಾರ ಬಹಳ ಹೊತ್ತು ಸಿಗರೇಟು ಸೇದಿ, ಕೊಲೆಗಾರ ಎಡಗೈಯವನು ಎಂದು ಘೋಷಿಸಿದ. ಕಡೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ, ಶೇಟನ ಸೋದರಳಿಯನತ್ತ ಥಟ್ಟನೆ ಒಂದು ಸೇಬುಹಣ್ಣು ಎಸೆದ. ಅಳಿಯ ಅದನ್ನು ಹಿಡಿದ. "ಬಾಯಾಂ ಹಾತ್!" ಎಂದು, ಅಂದರೆ ಎಡಗೈ ಎಂದು, ಪತ್ತೇದಾರ ಗುಡುಗಿದ. ಬೇಡಿ ಬಿತ್ತು. ಪರದೆಯ ಆ ಕಡೆ ಗಂಡಸರು ಸಿಳ್ಳೆ ಹೊಡೆದರು.

ಈ ಕಡೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಏಕೆಂದರೆ ಈ ಕಡೆ ನಾವೆಲ್ಲರೂ ಕಣ್ಣಾರೆ ಕಂಡದ್ದು, ಆ ಸೋದರಳಿಯ ಹಣ್ಣನ್ನು ಬಲಗೈಯಲ್ಲಿ ಹಿಡಿದದ್ದನ್ನು. ಎಡಗೈಯಲ್ಲಿ ಎಸೆದವನು ಪತ್ತೇದಾರ. ಚಿತ್ರದ ಉದ್ದಕ್ಕೂ ಎಡಗೈಯಲ್ಲಿ ಪಿಸ್ತೂಲು ತಿರುಗಿಸಿದವನೂ ಅವನೇ.

"ಹೌದಲ್ಲ!" ಎಂದು ಗೌರಾಬಾಯಿ ಎದ್ದು ನಿಂತರು. "ಒಗದಾವ ಎಡಚ, ಹಿಡದಾವ ಬಲಗೈದಾವ. ಬೇಡಿ ಯಾರಿಗಿ ಹಾಕ್ಯಾರ ನೋಡ್ರಿ! ಏನೂ ಮಾಡ್ಲಾರದ ಹುಡುಗನ್ನ ಒಯ್ಲಾಕತ್ತಾರ!"

"ಆ ಸಿಗರೇಟಿನವನs ಕೊಂದಾನ ಗೌರಕ್ಕಾ," ಎಂದಳು ಹಲೀಮಾಬಿ. "ತನ್ನ ಗುನ್ಹೆ ಪರಾಯಾರ ಮ್ಯಾಲ ಹಾಕ್ಯಾನ. ಎಂಥಾ ಬದ್ಮಾಶ್!"

"ಪೊಲೀಸರು ಖರೇ ಹೇಳಿದ್ದು ನಾ ಯಾವಾಗೂ ಕೇಳಿಲ್ಲ ಬಿಡು. ಮನಷ್ಯಾನ ಗುಣ ನೋಡಬೇಕೋ, ಕೈ ನೋಡಬೇಕೋ? ಕೈ ನೋಡಿ ಗಲ್ಲಿಗಿ ಹಾಕ್ತಾರಂದ್ರ ಇದೇನು ರಾಜ್ಯವೋ, ಏನೋ!"

ಓದುಗರೇ, ನನ್ನ ಮುಖದ ಮೇಲೆ ಆಗ ಮೂಡಿದ ನಗುವನ್ನು ಕತ್ತಲೆ ಮುಚ್ಚಿತು. ಎಷ್ಟು ಉಪನ್ಯಾಸ ಮಾಡಿದರೂ ಗೌರಾಬಾಯಿಯವರ ಬಾಯಿಂದ ಹೊರಡದಿದ್ದ ಮಾತು ಒಂದು ಸೇಬುಹಣ್ಣಿಗೆ ಹೊರಟುಬಂದಿತ್ತು. ಹಾಗಾದರೆ ನಮ್ಮ ಶಾಂತಾಳ ಕೈಯನ್ನೇಕೆ ನೋಡಿದಿರಿ ಎಂದು ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಾಂತಾಳೇ ಮಾತಾಡಿದಳು.

"ಅವ್ವಾರ, ಸಿಟ್ಟಾಗಬ್ಯಾಡ್ರಿ. ನಾವು ಪರದೇದ ಹಿಂದ ಕುಂತೇವ್ರಿ. ಅದಕ್ಕ ನಮಗ ಎಲ್ಲಾ ಉಲ್ಟಾ ಕಾಣಾಕತ್ತದ. ಆ ಸೋದರಳ್ಯಾ ಖರೇನs ಎಡಚ. ಕೊಲಿ ಮಾಡಿದಾವನೂ ಅವನs."

ಅವಳ ಕಾಲು ತುಳಿಯಲು ನಾನು ಚಾಚಿದ ಪಾದ ಹಲೀಮಾಬಿಯ ಬಳೆಯ ಬುಟ್ಟಿಗೆ ತಾಗಿತು. ಸತ್ಯವನ್ನೇ ನುಡಿಯಬೇಕೆಂದು ಆ ಹುಡುಗಿಗೆ ವರ್ಷಗಟ್ಟಲೆ ಪಾಠ ಹೇಳಿದ್ದ ನನಗೆ, ಅವಳು ಅದನ್ನು ಇಷ್ಟು ಚೆನ್ನಾಗಿ ಕಲಿತದ್ದು ಆ ಕ್ಷಣಕ್ಕೆ ಸರಿಬೀಳಲಿಲ್ಲ.

"ಸುಳ್ಳು," ಎಂದರು ಗೌರಾಬಾಯಿ.

"ಸುಳ್ಳಲ್ರಿ. ಮೊದಲಿಗಿ ಹೆಸರು ಬರ್ತಾವಲ್ಲ, ಆ ಅಕ್ಷರಗೋಳೂ ಉಲ್ಟಾನs ಇದ್ದುವು."

ಹಲೀಮಾಬಿ ಹಣೆ ಚಚ್ಚಿಕೊಂಡಳು. ಬಲದಿಂದ ಎಡಕ್ಕೆ ಸಾಗುವ ಉರ್ದು ಅವಳಿಗೆ ಓದಲು ಬರುತ್ತಿತ್ತು. "ಯಾ ಅಲ್ಲಾ! ನಾ ಉರ್ದು ನೋಡೀನಿ, ಎಡಕಿನಿಂದ ಬಲಕ್ಕ ಓಡಾಕತ್ತಿತ್ತು. ರಾಜ್ಯಾ ಬದಲಾದ ಮ್ಯಾಲ ಅದನ್ನೂ ತಿರುಗಿಸ್ಯಾರ ಅಂತ ತಿಳಕೊಂಡು ಚುಪ್ ಕುಂತೀನಿ!"

ಸುತ್ತಲಿನವರು ನಕ್ಕರು, ಅವಳೂ ನಕ್ಕಳು. ನಿಜಾಮಶಾಹಿ ಬಿದ್ದ ವರುಷದ ಗಲಭೆಯಲ್ಲಿ ತಮ್ಮನನ್ನು ಕಳೆದುಕೊಂಡು, ಯಾವುದನ್ನು ಯಾರನ್ನು ಕೇಳಬೇಕೆಂದು ತಿಳಿಯದೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದವಳು ಅವಳು. ಅವಳ ನಗುವಿನ ಹಿಂದೆಯೂ ಒಂದು ಅನ್ಯಾಯವಿತ್ತು. ಅದನ್ನು ಅಂದು ನಾನು ಕೂಗಲಿಲ್ಲ.

ಗೌರಾಬಾಯಿ ಮಾತ್ರ ನಗಲಿಲ್ಲ. ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಕಲ್ಲ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು, ನಮ್ಮೆಲ್ಲರನ್ನೂ ಕರೆದುಕೊಂಡು ತಂಬುವಿನ ಗಂಡಸರ ಬಾಗಿಲಿಗೇ ನಡೆದರು. ತಂಬುವಿನ ಯಜಮಾನ ಓಡಿಬಂದ.

"ಅವ್ವಾರ, ಜನಾನಾ ಆ ಕಡಿ ಅದರಿ."

"ಗೊತ್ತದಪ್ಪಾ. ಇಷ್ಟ ವರ್ಸ ಆ ಕಡೀನs ಕುಂತು ನಿನ್ನ ಸಿನಿಮಾದ ಬೆನ್ನು ನೋಡೀವಿ. ಇವತ್ತ ಮಾರಿ ನೋಡ್ತೀವಿ. ಬಾಜೂಕ ಸರಿ."

ಗಂಡಸರು ಗೊಣಗಿದರು, ಯಾರೋ ಕೆಮ್ಮಿದರು. ಯಜಮಾನ ನಡುವೆ ಹಗ್ಗ ಕಟ್ಟಿ ಒಂದು ಬದಿಯನ್ನು ನಮಗೆ ಬಿಟ್ಟುಕೊಟ್ಟ. ಎಷ್ಟೋ ಅರ್ಜಿ ಬರೆದರೂ ನನಗೆ ಸಾಧಿಸಲಾಗದ ಆ ಸುಧಾರಣೆ ಒಬ್ಬ ಮುದುಕಿಯ ಮುನಿಸಿನಿಂದ ಆಯಿತೆಂದು ಹಿಗ್ಗಬೇಕಾಗಿದ್ದ ನಾನು ಶಾಂತಾಳ ಮುಖವನ್ನೇ ನೋಡುತ್ತಿದ್ದೆ. ಈಗ ಎಲ್ಲವೂ ಸರಿಯಾಗಿ ಕಾಣುತ್ತದೆ. ಪತ್ತೇದಾರ, ಪೊಲೀಸರು, ನರ್ತಕಿ ಎಲ್ಲರೂ ಬಲಗೈಯವರು. ಇಡೀ ಚಿತ್ರದಲ್ಲಿ ಎಡಗೈಯವನು ಒಬ್ಬನೇ, ಅವನೇ ಕೊಲೆಗಾರ. ಗೌರಾಬಾಯಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಶಾಂತಾ ತನ್ನ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟು ಕುಳಿತಿದ್ದಳು. ಚಿಕ್ಕಂದಿನಲ್ಲಿ ಅವಳ ತಾಯಿ ಆ ಕೈಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳಂತೆ. ಈ ಸಲ ಕಟ್ಟುವವರು ಯಾರೂ ಬೇಕಾಗಿರಲಿಲ್ಲ.

ತೆರೆಯ ಮರೆಯಿಂದ ಪಿಸ್ತೂಲು ಹೊರಬಂತು. ಎಡಗೈ. ಗುಂಡು ಹಾರಿತು. ಶೇಟ ಬಿದ್ದ. ಸೇಬು ಹಾರಿತು, ಎಡಗೈ ಅದನ್ನು ಹಿಡಿಯಿತು. ಬೇಡಿ ಬಿತ್ತು. ದೀಪ ಹತ್ತಿತು.

ಗೌರಾಬಾಯಿ ಕುಳಿತಲ್ಲಿಯೇ ಇದ್ದರು. "ನಿನ್ನಿ ಅವಾ ಬಲಗೈಲೆ ಕೊಂದ. ಇವತ್ತ ಎಡಗೈಲೆ ಕೊಂದ," ಎಂದರು ನಿಧಾನವಾಗಿ. "ನಾ ಕುಂತ ಜಾಗಾ ಬದಲಾದ್ರ ಅವನ ಕೈ ಬದಲಾಗ್ತದ ಅಂದಮ್ಯಾಲ, ದೋಷ ಕೈಯಾಗ ಎಲ್ಲದ?" ಬಳಿಕ ಶಾಂತಾಳತ್ತ ತಿರುಗಿದರು. "ನಿನ್ನಿ ನೀ ಬಾಯಿ ಮುಚ್ಚಿಕೊಂಡು ಕುಂತಿದ್ರ ನಿನ್ನ ಕೆಲಸ ಆಗಿಬಿಡ್ತಿತ್ತು. ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಯಾಕ ಹೇಳ್ದಿ?"

"ಉಲ್ಟಾ ಕಾಣಾಕತ್ತಿತ್ತಲ್ರಿ," ಎಂದಳು ಶಾಂತಾ, ಅದಕ್ಕಿಂತ ಬೇರೆ ಕಾರಣ ಬೇಕೇ ಎಂಬಂತೆ.

"ಗೂಟಕ್ಕಿದ್ದ ಜರಡಿ ತೆಗಸ್ತೀನಿ. ಸಾಲಿ ಕರಿಹಲಗಿ ಅಲ್ಲೇ ಹಾಕು," ಎಂದು ಹೇಳಿ ಅವರು ಎದ್ದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಊಟಾ ಮಾತ್ರ ಬಲಗೈಲೆ ಬಡಸ್ಬೇಕು ಮತ್ತ," ಎಂದರು. ಇದೂ ಅನ್ಯಾಯವೇ ಎಂದು ನಾನು ಶುರುಮಾಡುವಷ್ಟರಲ್ಲಿ ಹಲೀಮಾಬಿ ನನ್ನ ಬಾಯಿಗೆ ಕಡಲೆಕಾಯಿ ತುರುಕಿದಳು.

ಸೋಮವಾರ ಶಾಲೆ ತೆರೆಯಿತು. ಚಾಪೆಯ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಕುಳಿತಿದ್ದರು. ಬಾಗಿಲಾಚೆ ತಾಯಂದಿರು ಸಂಶಯದ ಕಣ್ಣು ನೆಟ್ಟು ನಿಂತಿದ್ದರು. ಶಾಂತಾ ಮಕ್ಕಳಿಗೆ ಎದುರಾಗಿ ನಿಂತು, "ಬಳಪ ಹಿಂಗ ಹಿಡೀರಿ," ಎಂದು ತನ್ನ ಎಡಗೈಯನ್ನು ಮೇಲೆತ್ತಿದಳು. ತಾಯಂದಿರು ಬಾಗಿಲಿಗೆ ಒತ್ತರಿಸಿಕೊಂಡು ಬಂದರು. ಮಕ್ಕಳು ಕನ್ನಡಿಯೊಳಗಿನ ಬಿಂಬಗಳಂತೆ, ಅವಳ ಕೈ ತಮಗೆ ಯಾವ ಕಡೆ ಕಂಡಿತೋ ಅದೇ ಕಡೆಯ ಕೈಗಳನ್ನು ಎತ್ತಿದರು. ಎಲ್ಲವೂ ಬಲಗೈಗಳು.

ಗೌರಾಬಾಯಿ ಹೊಸ್ತಿಲಲ್ಲಿ ನಿಂತು ಒಮ್ಮೆ ಶಿಕ್ಷಕಿಯನ್ನೂ ಒಮ್ಮೆ ಮಕ್ಕಳನ್ನೂ ನೋಡಿದರು.

"ಯವ್ವಾ ಶಾಂತಾ," ಎಂದು ಕೂಗಿ ಕೇಳಿದರು, "ಈ ಕೂಸುಗೋಳು ನಿನ್ನ ಮುಂದ ಕುಂತಾವೋ, ಹಿಂದ ಕುಂತಾವೋ?"